ನೀರಿನ ತಪ್ಪಿಗೆ ಸೊಸೆಗೆ ಶಿಕ್ಷೆ

ಹೊರನಾಡ ಕನ್ನಡಿಗರು ನಾಲ್ಕು ಜನ ಸೇರಿದೆಡೆ ಐದು ನಿಮಿಷದೊಳಗೆ ಹೊರಡುವ ದೂರು ಒಂದಿದೆ: ಇಲ್ಲಿ ಕಾಫಿ ಸರಿಯಾಗುವುದಿಲ್ಲ. ರಾಜ್ಯೋತ್ಸವದ ಸಭೆಯಾಗಲಿ, ಪುಸ್ತಕ ಬಿಡುಗಡೆಯಾಗಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಾಗಲಿ, ಲೋಟ ಕೈಗೆ ಬಂದೊಡನೆ ಈ ಮಾತು ಬರುತ್ತದೆ. ಪುಡಿ ಊರಿನಿಂದ ತರಿಸಿದ್ದು. ಫಿಲ್ಟರು ಅಜ್ಜಿಯ ಕಾಲದ ಹಿತ್ತಾಳೆಯದು. ಹಾಲು ಗಟ್ಟಿಯಾಗಿಯೇ ಇದೆ. ಆದರೂ ಊರಿನ ರುಚಿ ಇಲ್ಲ. ಹಾಗಾದರೆ ತಪ್ಪು ಯಾರದು? ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಗಂಡಸರು ‘ನಮ್ಮೂರೇ ನಮ್ಮೂರು’ ಎಂದು ನಿಟ್ಟುಸಿರು ಬಿಡುತ್ತಾರೆ. ಹಿರಿಯರು ಅಡುಗೆಮನೆಯ ಕಡೆಗೊಮ್ಮೆ ನೋಡಿ ‘ಕೈಗುಣ ಬೇಕು’ ಎನ್ನುತ್ತಾರೆ. ಮೊದಲನೆಯ ಉತ್ತರ ಆಲಸ್ಯದ್ದು, ಎರಡನೆಯದು ಅನ್ಯಾಯದ್ದು. ಇವೆರಡನ್ನೂ ವಿರೋಧಿಸಲೆಂದೇ ಈ ಬರಹ.

ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗಾವಣೆಯೆಂಬುದು ತಪ್ಪಿದ್ದಲ್ಲ. ನಮ್ಮ ಸಂಸಾರ ಮೊದಲು ಮುಂಬಯಿಯಲ್ಲಿತ್ತು, ಆಮೇಲೆ ಚೆನ್ನೈಗೆ ಹೋಯಿತು, ಈಗ ದೆಹಲಿಯ ಸರ್ಕಾರಿ ವಸತಿಗೃಹದಲ್ಲಿದೆ. ಮೂರೂ ಊರುಗಳಿಗೆ ಅದೇ ಫಿಲ್ಟರು ಬಂತು, ತೀರ್ಥಹಳ್ಳಿಯಿಂದ ಅದೇ ಪುಡಿ ಬಂತು, ಅದನ್ನು ಹಾಕುವ ಕೈಯೂ ಅದೇ. ಮುಂಬಯಿಯಲ್ಲಿ ಕಾಫಿ ಚೆನ್ನಾಗಿಯೇ ಆಗುತ್ತಿತ್ತು. ಚೆನ್ನೈಗೆ ಹೋದ ಮೇಲೆ ಮಂಕಾಯಿತು. ಎಷ್ಟು ಪುಡಿ ಸುರಿದರೂ ಡಿಕಾಕ್ಷನ್ ಬಣ್ಣ ಬಿಟ್ಟಿತೇ ಹೊರತು ಘಮ ಬಿಡಲಿಲ್ಲ. ದೆಹಲಿಯಲ್ಲಿ ಅದು ಇನ್ನೊಂದು ಬಗೆಯಲ್ಲಿ ಕೆಟ್ಟಿತು: ತೆಳ್ಳಗೆ, ಚುರುಕಾಗಿ, ನಾಲಗೆಯ ಅಂಚಿನಲ್ಲಿ ಹುಳಿಹುಳಿಯಾಗಿ. ಇಂಥ ಪ್ರಯೋಗವನ್ನು ಸರ್ಕಾರವೇ ಖರ್ಚು ಕೊಟ್ಟು ನಮ್ಮ ಮೇಲೆ ನಡೆಸಿದ್ದರೂ ಅದರ ಫಲಿತಾಂಶವನ್ನು ಓದಿಕೊಳ್ಳುವ ಬುದ್ಧಿ ನಮಗೆ ಬರಲಿಲ್ಲ. ಪುಡಿ ಬದಲಿಸಿದೆವು, ಹಾಲು ಬದಲಿಸಿದೆವು, ಚಿಕೋರಿ ಹೆಚ್ಚು ಕಡಿಮೆ ಮಾಡಿದೆವು. ನೀರಿನ ಕಡೆ ಮಾತ್ರ ನೋಡಲಿಲ್ಲ.

ನೋಡಿದವರು ನಮ್ಮ ಅಮ್ಮ. ಚಳಿಗಾಲದಲ್ಲಿ ದೆಹಲಿಗೆ ಬಂದವರು ಮೂರು ದಿನ ಲೋಟದಲ್ಲಿ ಅರ್ಧ ಉಳಿಸಿದರು. ನಾಲ್ಕನೆಯ ದಿನ ಸೊಸೆಗೆ ಮೆಲ್ಲನೆಯ ದನಿಯಲ್ಲಿಯೇ, “ಡಿಕಾಕ್ಷನ್ ಇಳಿಸೋದಕ್ಕೂ ಒಂದು ಕೈಗುಣ ಬೇಕು ಕಣೇ” ಎಂದರು. ಈ ಮಾತು ಹೊಸದೇನಲ್ಲ. ಚೆನ್ನೈಯಲ್ಲಿದ್ದಾಗಲೂ ಎರಡು ಬಾರಿ ಬಂದಿತ್ತು. ನಮ್ಮ ಮನೆಯಾಕೆ ಆ ಮಾತನ್ನು ನುಂಗಿಕೊಂಡಂತೆ ಆಗಲೂ ನುಂಗಿಕೊಂಡಳು. ನಾವು, ಆಫೀಸಿನಲ್ಲಿ ಕಡತದ ಮೇಲೆ ಆಕ್ಷೇಪ ಬರೆಯುವುದನ್ನೇ ವೃತ್ತಿಯಾಗಿ ಉಳ್ಳವರು, ಆ ಮಾತಿಗೆ ಒಂದು ಆಕ್ಷೇಪವನ್ನೂ ಎತ್ತಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ.

ಮರುದಿನ ಬೆಳಿಗ್ಗೆ ಅಮ್ಮನೇ ಎದ್ದು ಫಿಲ್ಟರಿಗೆ ಪುಡಿ ಹಾಕಿದರು. ಐವತ್ತು ವರ್ಷ ಪಳಗಿದ ಕೈ. ಇಳಿದ ಡಿಕಾಕ್ಷನ್ ಮಾತ್ರ ಅದೇ ತೆಳು, ಅದೇ ಹುಳಿ. ಅವರು ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ಶುದ್ಧೀಕರಣ ಯಂತ್ರದಿಂದ ಒಂದು ಲೋಟ ನೀರು ಹಿಡಿದು ಕುಡಿದು ನೋಡಿದರು. “ಈ ನೀರಲ್ಲಿ ಏನೂ ಇಲ್ಲವಲ್ಲ ಮಾರಾಯ, ಸೂರಿನ ಮಳೆನೀರು ಕುಡಿದ ಹಾಗಿದೆ” ಎಂದರು. ಯಂತ್ರದ ಕರಪತ್ರದಲ್ಲಿ ನಾಲ್ಕು ಪುಟ ಬರೆದಿದ್ದುದನ್ನು ತುಂಗೆಯ ದಡದ ನಾಲಗೆ ಒಂದು ವಾಕ್ಯದಲ್ಲಿ ಹೇಳಿತ್ತು.

ಇದರಲ್ಲಿ ಆಶ್ಚರ್ಯವಿಲ್ಲ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಗಾದೆ ಕಟ್ಟಿದ ಜನ ನಾವು. ಊರಿನಲ್ಲಿ ಸಿಹಿನೀರಿನ ಬಾವಿ ಯಾವುದು, ಸವಳು ನೀರಿನದು ಯಾವುದು, ಯಾವ ಬಾವಿಯ ನೀರಿಗೆ ಬೇಳೆ ಬೇಯುವುದಿಲ್ಲ ಎಂಬುದು ಪ್ರತಿ ಮನೆಯ ಹೆಂಗಸಿಗೂ ತಿಳಿದಿತ್ತು. ಬೇಯದ ಬೇಳೆಗೆ ಅವಳು ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದಳು. ಗಡಸು ನೀರಿನ ಕ್ಯಾಲ್ಸಿಯಮ್ ಬೇಳೆಯ ಸಿಪ್ಪೆಯನ್ನು ಬಿಗಿಮಾಡುತ್ತದೆ, ಸೋಡಾ ಅದನ್ನು ಸಡಿಲಿಸುತ್ತದೆ ಎಂಬ ರಸಾಯನಶಾಸ್ತ್ರ ಅವಳಿಗೆ ಬೇಕಿರಲಿಲ್ಲ. ಅಡುಗೆಗೆ ತಕ್ಕಂತೆ ನೀರನ್ನು ತಿದ್ದಿಕೊಳ್ಳಬಹುದು ಎಂಬ ವಿವೇಕವಿತ್ತು. ಕಾಫಿಗೆ ನೀರು ಬೆರೆಸಿಕೊಳ್ಳುವುದನ್ನು ಪರದೇಶದ ಶೋಕಿ ಎಂದು ನಗುವವರು ಈ ಚಿಟಿಕೆ ಸೋಡಾವನ್ನು ಒಮ್ಮೆ ನೆನೆಯಬೇಕು.

ನೀರು ಕಾಫಿಯಲ್ಲಿ ಮಾಡುವ ಕೆಲಸ ಏನು? ಹಾಲು ಬೆರೆಸದ ಒಂದು ಲೋಟ ಕಾಫಿಯಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ನೀರೇ. ಆ ನೀರಿನಲ್ಲಿ ಕರಗಿರುವ ಮೆಗ್ನೀಸಿಯಮ್, ಕ್ಯಾಲ್ಸಿಯಮ್‌ಗಳು ಪುಡಿಯ ರುಚಿಕಾರಕ ಅಂಶಗಳನ್ನು ಹಿಡಿದು ಹೊರಗೆಳೆಯಲು ನೆರವಾಗುತ್ತವೆ. ಬೈಕಾರ್ಬೊನೇಟ್ ಎಂಬ ಇನ್ನೊಂದು ಅಂಶ ಕಾಫಿಯ ಹುಳಿಯನ್ನು ಮಣಿಸುತ್ತದೆ. ಇದು ಇಲ್ಲವೇ ಇಲ್ಲವಾದರೆ ಕಾಫಿ ಚುಚ್ಚುತ್ತದೆ. ಮಿತಿಮೀರಿದರೆ ಹುಳಿಯೊಡನೆ ಜೀವವನ್ನೂ ಕೊಂದು ಸಪ್ಪೆ ಮಾಡುತ್ತದೆ. ಚೆನ್ನೈಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೊಳವೆಬಾವಿಯ ನೀರು ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟಿಸುತ್ತಿತ್ತು. ಅಲ್ಲಿ ಮಂಕಾದದ್ದು ಅತಿಯಿಂದ, ದೆಹಲಿಯಲ್ಲಿ ಹುಳಿಯಾದದ್ದು ಶೂನ್ಯದಿಂದ. ತುಂಗೆಯ ನೀರು ಮೆದುವಾದರೂ ಬರಿದಲ್ಲ; ಅದರಲ್ಲಿ ಖನಿಜ ಮಿತವಾಗಿ ಇದೆ.

ಇದು ನಮ್ಮ ಕಲ್ಪನೆಯಲ್ಲ. 2014ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಕ್ರಿಸ್ಟೋಫರ್ ಹೆಂಡನ್ ಎಂಬ ರಸಾಯನವಿಜ್ಞಾನಿ ಮತ್ತು ಕಾಫಿ ಅಂಗಡಿ ನಡೆಸುತ್ತಿದ್ದ ಮ್ಯಾಕ್ಸ್‌ವೆಲ್ ಕೊಲೊನಾ-ಡ್ಯಾಶ್‌ವುಡ್ ಮೊದಲಾದವರು ಸೇರಿ ಈ ಬಗ್ಗೆ ಸಂಶೋಧನಾ ಲೇಖನವನ್ನೇ ಪ್ರಕಟಿಸಿದರು. ಅದಕ್ಕೂ ಮೊದಲೇ ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘ ಕಾಫಿಯ ನೀರಿನಲ್ಲಿ ಕರಗಿದ ಘನಾಂಶ ಲೀಟರಿಗೆ ಸುಮಾರು 150 ಮಿಲಿಗ್ರಾಂ, ಕ್ಷಾರೀಯತೆ ಸುಮಾರು 40 ಮಿಲಿಗ್ರಾಂ ಇರಲಿ ಎಂದು ಮಾನದಂಡ ಹಾಕಿತ್ತು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲನ್ನು ಬೆಳೆಯುವ ನಾಡಿನವರು ನಾವು. ಬೀಜದ ಬಗ್ಗೆ, ಹುರಿಯುವ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಲೋಟದ ತೊಂಬತ್ತೆಂಟು ಪಾಲಿನ ಬಗ್ಗೆ ನಮಗೆ ಮಾತಿಲ್ಲ.

ಮಾತಿಲ್ಲದಂತೆ ಮಾಡಿದ್ದು ಭಯ. ನಮ್ಮ ದೆಹಲಿಯ ಮನೆಗೂ ಒಬ್ಬ ಮಾರಾಟಗಾರ ಬಂದಿದ್ದ. ನಲ್ಲಿಯ ನೀರಿನ ಲೋಟಕ್ಕೆ ಎರಡು ಲೋಹದ ಕಡ್ಡಿ ಇಳಿಸಿ ವಿದ್ಯುತ್ ಹರಿಸಿದ. ನೀರು ಕಂದಾಗಿ ಕೆಸರಾಯಿತು. ಯಂತ್ರದ ನೀರಿಗೆ ಇಳಿಸಿದ, ತಿಳಿಯಾಗಿಯೇ ಉಳಿಯಿತು. ಆ ಕಂದು ಬಣ್ಣ ನೀರಿನ ಕೊಳೆಯಲ್ಲ, ಕರಗಿದ ಕಬ್ಬಿಣದ ಕಡ್ಡಿಯದು. ಖನಿಜವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಖನಿಜ ತೆಗೆದ ನೀರಿನಲ್ಲಿ ಹರಿಯುವುದು ಅತ್ಯಲ್ಪ. ಹೈಸ್ಕೂಲಿನಲ್ಲಿ ಓದಿದ್ದ ಪಾಠವನ್ನು ಮರೆತು ನಾವು ಅಂದೇ ಚೆಕ್ ಬರೆದೆವು.

ಆರ್.ಓ. ಯಂತ್ರವೇ ಬೇಡವೆಂದು ನಾವು ಹೇಳುವುದಿಲ್ಲ. ಉಪ್ಪುನೀರು, ಫ್ಲೋರೈಡ್, ನೈಟ್ರೇಟ್ ಇರುವ ಕಡೆ ಅದು ಬೇಕು. ಆದರೆ ಕುಡಿಯುವ ನೀರಿನಲ್ಲಿ ಕರಗಿದ ಘನಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇರುವುದು ಸ್ವೀಕಾರಾರ್ಹವೆಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಅದಕ್ಕಿಂತ ಕಡಿಮೆ ಇರುವಲ್ಲಿ ಆರ್.ಓ. ಬಳಕೆಯನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು; ಮನೆಯ ಯಂತ್ರ ಒಂದು ಲೋಟ ನೀರು ಕೊಡಲು ಎರಡು ಮೂರು ಲೋಟವನ್ನು ಚರಂಡಿಗೆ ಬಿಡುವುದು ಸಾಮಾನ್ಯ. ಮುಂಬಯಿಯ ನಲ್ಲಿಗೆ ಬರುವುದು ತಾನಸಾ, ವೈತರಣಾ, ಭಾತ್ಸಾಗಳ ಮಳೆನೀರು, ಸ್ವಭಾವದಿಂದಲೇ ಮೆದು. ಅಲ್ಲಿನ ನಮ್ಮ ಬಂಧುಗಳೂ ಆ ನೀರನ್ನು ಆರ್.ಓ.ಗೆ ಹಾಕಿ, ಬಳಿಕ ಮಾಟುಂಗದ ಹೋಟೆಲಿನ ಕಾಫಿಯೇ ಚೆಂದ ಎಂದು ಕೊರಗುತ್ತಾರೆ. ನಮ್ಮ ಸಲಹೆ ಇಷ್ಟೇ: ನಲ್ಲಿಯ ನೀರನ್ನು ಕುದಿಸಿ ನೇರವಾಗಿ ಫಿಲ್ಟರಿಗೆ ಹಾಕಿ ನೋಡಿ.

ಬೇರೆ ಊರಿನವರು ಏನು ಮಾಡಬೇಕು? ಕೊಳವೆಬಾವಿ, ಟ್ಯಾಂಕರು, ಆರ್.ಓ., ಕ್ಯಾನ್ ನೀರು ಇವುಗಳ ನಡುವೆ ಬದುಕುವ ದೆಹಲಿ, ಚೆನ್ನೈ, ಹೈದರಾಬಾದಿನವರಿಗಾಗಿ ನಾವು ಮಾಡುವುದನ್ನು ಹೇಳುತ್ತೇವೆ. ಎರಡು ವಸ್ತು ಸಾಕು. ಒಂದು, ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ಇನ್ನೊಂದು, ಎಪ್ಸಮ್ ಸಾಲ್ಟ್ ಎಂದು ಕರೆಯುವ ಮೆಗ್ನೀಸಿಯಮ್ ಸಲ್ಫೇಟ್. ಸ್ನಾನಕ್ಕೆಂದು ಮಾರುವ ಸುವಾಸನೆಯದ್ದು ಬೇಡ, ಸೇವನೆಗೆ ಯೋಗ್ಯವೆಂದು ಪೊಟ್ಟಣದ ಮೇಲೆ ಬರೆದಿರುವುದೇ ಆಗಬೇಕು. ಒಂದು ಲೀಟರ್ ಆರ್.ಓ. ನೀರಿಗೆ 2.5 ಗ್ರಾಂ ಮೆಗ್ನೀಸಿಯಮ್ ಸಲ್ಫೇಟ್ ಕರಗಿಸಿದರೆ ಮೊದಲ ಬಾಟಲಿ. ಇನ್ನೊಂದು ಲೀಟರಿಗೆ 1.7 ಗ್ರಾಂ ಸೋಡಾ ಕರಗಿಸಿದರೆ ಎರಡನೆಯದು. ಸೂಕ್ಷ್ಮ ತಕ್ಕಡಿ ಇಲ್ಲದವರು ತಲೆಗಟ್ಟದ ಒಂದು ಟೀ ಚಮಚವನ್ನು ಸುಮಾರು 5 ಗ್ರಾಂ ಎಂದು ಹಿಡಿದು, ಮೊದಲನೆಯದನ್ನು ಎರಡು ಲೀಟರಿಗೆ, ಎರಡನೆಯದನ್ನು ಮೂರು ಲೀಟರಿಗೆ ಹಾಕಬಹುದು. ಬಾಟಲಿಗಳ ಮೇಲೆ ಹೆಸರು ಬರೆದು ಫ್ರಿಜ್ಜಿನಲ್ಲಿಡಿ. ಎರಡು ವಾರಕ್ಕೊಮ್ಮೆ ಹೊಸದು ಮಾಡಿ.

ಕಾಫಿಯ ನೀರು ಬೇಕಾದಾಗ ಮೊದಲ ಬಾಟಲಿಯಿಂದ 80 ಮಿಲಿಲೀಟರ್, ಎರಡನೆಯದರಿಂದ 40 ಮಿಲಿಲೀಟರ್ ತೆಗೆದು, ಉಳಿದದ್ದನ್ನು ಆರ್.ಓ. ನೀರಿನಿಂದ ತುಂಬಿ ಒಂದು ಲೀಟರ್ ಮಾಡಿಕೊಳ್ಳಿ. ಹುಳಿ ಹೆಚ್ಚೆನಿಸಿದರೆ ಎರಡನೆಯದನ್ನು ಹತ್ತು ಮಿಲಿಲೀಟರ್ ಏರಿಸಿ. ಸಪ್ಪೆಯೆನಿಸಿದರೆ ಅಷ್ಟೇ ಇಳಿಸಿ. ನಮ್ಮ ಮನೆಯಲ್ಲಿ ದಿನದ ಡಿಕಾಕ್ಷನ್ನಿಗೆ ಬೇಕಾಗುವುದು ಎರಡು ಲೋಟ ನೀರು. ಒಮ್ಮೆ ಬೆರೆಸಿದರೆ ಎರಡು ಮೂರು ದಿನಕ್ಕೆ ಬರುತ್ತದೆ. ಇಷ್ಟನ್ನೂ ಅಳೆಯಲಾರದವರು ಆರ್.ಓ. ನೀರಿಗೆ ಕಾಲು ಪಾಲು ನಲ್ಲಿಯ ನೀರು ಬೆರೆಸಿ ಚೆನ್ನಾಗಿ ಕುದಿಸಿ ನೋಡಲಿ. ಆದರೆ ನಲ್ಲಿಯ ನೀರು ಕುಡಿಯಲು ಯೋಗ್ಯವೆಂದು ಗೊತ್ತಿರಬೇಕು; ಕುದಿಸುವುದರಿಂದ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ.

ಆಕ್ಷೇಪಗಳು ನಮಗೆ ಗೊತ್ತು. ‘ಎಪ್ಸಮ್ ಸಾಲ್ಟ್ ಭೇದಿಯ ಔಷಧವಲ್ಲವೆ?’ ಹೌದು, ಹಲವು ಗ್ರಾಂ ಒಟ್ಟಿಗೆ ಕುಡಿದರೆ. ಇಲ್ಲಿ ಲೀಟರಿಗೆ ಬೀಳುವುದು ಗ್ರಾಂನ ಐದನೆಯ ಒಂದು ಭಾಗ. ಕುಡಿಯುವ ನೀರಿನಲ್ಲಿ ಮೆಗ್ನೀಸಿಯಮ್ 30 ಮಿಲಿಗ್ರಾಂವರೆಗೆ ಇರಬಹುದೆಂದು ಮಾನಕ ಬ್ಯೂರೋ ಒಪ್ಪುತ್ತದೆ. ನಮ್ಮ ಮಿಶ್ರಣದಲ್ಲಿ ಅದು 20ನ್ನು ಮುಟ್ಟುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

‘ಹಾಲು, ಸಕ್ಕರೆ, ಚಿಕೋರಿ ಬಿದ್ದ ಮೇಲೆ ನೀರಿನ ವ್ಯತ್ಯಾಸ ಯಾರಿಗೆ ತಿಳಿಯುತ್ತದೆ?’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕರಿಯ ಕಾಫಿಯಲ್ಲಿ ಎದ್ದು ಕಾಣುವಷ್ಟು ಇಲ್ಲಿ ಕಾಣುವುದಿಲ್ಲ. ಆದರೆ ನಾವು ಮಕ್ಕಳ ಕೈಯಲ್ಲಿ ಗುರುತು ಹಾಕಿಸಿ, ಹಾಲು ಸಕ್ಕರೆ ಬೆರೆಸಿದ ಮೂರು ಲೋಟಗಳನ್ನು ಅಮ್ಮನ ಮುಂದಿಟ್ಟೆವು. ಅವರು ಬೆರೆಸಿದ ನೀರಿನ ಲೋಟವನ್ನೇ ಎತ್ತಿಕೊಂಡರು. ಮಾರನೆಯ ದಿನವೂ ಅದನ್ನೇ ಎತ್ತಿಕೊಂಡರು.

‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಬರಹವೆ?’ 1946ರಲ್ಲಿ, ಮಹಾಯುದ್ಧ ಮುಗಿದು ಇಂಗ್ಲೆಂಡು ಇನ್ನೂ ರೇಷನ್ನಿನಲ್ಲಿದ್ದಾಗ, ಜಾರ್ಜ್ ಆರ್ವೆಲ್ ಚಹಾ ಮಾಡುವುದಕ್ಕೆ 11 ನಿಯಮಗಳನ್ನು ಪತ್ರಿಕೆಯಲ್ಲಿ ಬರೆದ. ಎಂ.ಎ. ತರಗತಿಯಲ್ಲಿ ಅದನ್ನು ಗದ್ಯದ ಮಾದರಿಯೆಂದು ನಮಗೆ ಓದಿಸಿದರು. ಆರ್ವೆಲ್ ಅಳೆದರೆ ಸಾಹಿತ್ಯ, ನಮ್ಮ ಮನೆಯ ಹೆಂಗಸು ಅಳೆದರೆ ಅತಿಬುದ್ಧಿ; ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ನಮಗೆ ಕಾಫಿಗಿಂತ ಮುಖ್ಯವಾದದ್ದು ಇದೇ. ‘ಕೈಗುಣ’ ಎಂಬುದು ಕೇಳಲು ಹಿತವಾದ ಪದ. ಅದರೊಳಗೆ ವಿಚಾರಣೆಯಿಲ್ಲದ ತೀರ್ಪು ಅಡಗಿದೆ. ಕಾರಣವನ್ನು ಹುಡುಕದೆ ಮನುಷ್ಯರ ಮೇಲೆ ದೋಷ ಹೊರಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಊರು ಬಿಟ್ಟು ಬಂದ ಮನೆಗಳಲ್ಲಿ ಆ ದೋಷ ಬೀಳುವುದು, ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ನೀರಿನಲ್ಲಿ ಮೊದಲ ದಿನವೇ ಒಲೆ ಹೊತ್ತಿಸಬೇಕಾದವಳ ಮೇಲೆ. ‘ನಮ್ಮೂರಿನ ರುಚಿ ಇಲ್ಲಿಲ್ಲ’ ಎಂಬ ಹಂಬಲವೂ ಅಂಥದ್ದೇ. ಹಂಬಲಿಸುವವನು ತಾನು ಇರುವ ಊರಿನ ನೀರನ್ನು ಅರಿಯುವ ಶ್ರಮದಿಂದ ಪಾರಾಗುತ್ತಾನೆ. ಇಪ್ಪತ್ತು ವರ್ಷ ದೆಹಲಿಯಲ್ಲಿದ್ದು ತನ್ನ ಬಡಾವಣೆಯ ನೀರು ಎಲ್ಲಿಂದ ಬರುತ್ತದೆಂದು ತಿಳಿಯದವನಿಗೆ ತುಂಗೆಯ ನೀರನ್ನು ಹೊಗಳುವ ಹಕ್ಕೂ ಅಷ್ಟಕ್ಕಷ್ಟೆ.

ಕಳೆದ ತಿಂಗಳು ಮನೆಗೆ ಬಂದ ಸಂಘದ ಹಿರಿಯರೊಬ್ಬರು ಲೋಟ ಖಾಲಿಮಾಡಿ, ನಮ್ಮತ್ತ ತಿರುಗಿ, “ಪುಡಿ ಎಲ್ಲಿಂದ ತರಿಸಿದಿರಿ?” ಎಂದು ಕೇಳಿದರು. ಕೆಟ್ಟರೆ ಕೈ, ಚೆನ್ನಾದರೆ ಪುಡಿ! ನಾವು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು: “ಪುಡಿ ಅದೇ ಸಾರ್, ನೀರು ನಾನು ಮಾಡಿದ್ದು.”