ಔಷಧೀಯ ಸಸ್ಯಸಾರವುಳ್ಳ ಮುದ್ರಿತ ಗಾಯಪಟ್ಟಿಗಳು: ಅರ್ಜಿದಾರರು ಹಾಗೂ ಬಳಕೆದಾರರು ಗಮನಿಸಬೇಕಾದ ಅಂಶಗಳು

ಅರಿಶಿನ, ಬೇವು, ಲೋಳೆಸರ, ಒಂದೆಲಗ ಮುಂತಾದ ಸಸ್ಯಗಳ ಸಾರವನ್ನು ಬೆರೆಸಿ, ತ್ರೀ-ಡಿ ಪ್ರಿಂಟರ್ ಎಂಬ ಯಂತ್ರದಿಂದ ಪದರ ಪದರವಾಗಿ ಮುದ್ರಿಸುವ ಗಾಯಪಟ್ಟಿಗಳ ವಿಷಯವು ಸಂಶೋಧನಾ ಪತ್ರಿಕೆಗಳಿಂದ ಹೊರಬಂದು ಕಿರು ಉದ್ಯಮಿಗಳ ಗಮನವನ್ನೂ ಸೆಳೆದಿದೆ. ಮಾನಸಗಂಗೋತ್ರಿಗೆ ಸಮೀಪವಿರುವ, 2020ರಲ್ಲಿ ಪಟ್ಟಣ ಪಂಚಾಯಿತಿಯಾದ ಬೋಗಾದಿಯಂತಹ ಪ್ರದೇಶದಲ್ಲಿ ವಿಜ್ಞಾನ ಪದವೀಧರರಿಗೆ ಕೊರತೆಯಿಲ್ಲ. ಮನೆಯ ಒಂದು ಕೊಠಡಿಯಲ್ಲಿಯೇ ಇಂತಹ ಘಟಕವನ್ನು ಆರಂಭಿಸಬಹುದೇ ಎಂಬ ಪ್ರಶ್ನೆ ಅವರಲ್ಲಿ ಮೂಡುವುದು ಸಹಜ. ಸಾಧ್ಯವಿಲ್ಲ ಎಂಬುದೇ ಉತ್ತರ. ಅದರ ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಅರಿಶಿನದ ಪ್ರಕರಣವನ್ನು ನೆನೆಯುವುದು ಉಚಿತ. ಗಾಯ ಮಾಗಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 1996ರಲ್ಲಿ ಆಕ್ಷೇಪಣೆ ಸಲ್ಲಿಸಿ, 1953ರ ಒಂದು ವೈದ್ಯಕೀಯ ಲೇಖನವೂ ಸೇರಿದಂತೆ 32 ಆಧಾರಗಳನ್ನು ಒದಗಿಸಿತು. 1997ರಲ್ಲಿ ಆ ಹಕ್ಕು ರದ್ದಾಯಿತು. ಈ ಗೆಲುವನ್ನು ಇಂದಿಗೂ ಹಲವರು ತಪ್ಪಾಗಿ ಅರ್ಥೈಸುತ್ತಾರೆ. ಅಲ್ಲಿ ತೀರ್ಮಾನವಾದುದು ಅರಿಶಿನದ ಬಳಕೆ ಹೊಸದಲ್ಲ ಎಂಬುದು ಮಾತ್ರ. ನಿರ್ದಿಷ್ಟ ಪಟ್ಟಿಯೊಂದು ನಿರ್ದಿಷ್ಟ ಗಾಯಕ್ಕೆ ಸುರಕ್ಷಿತವೇ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಪರವಾನಗಿ ಪ್ರಾಧಿಕಾರವು ಕೇಳುವುದು ಈ ಎರಡನೆಯ ಪ್ರಶ್ನೆಯನ್ನು. "ಅಜ್ಜಿಯ ಕಾಲದಿಂದ ಬಳಸುತ್ತಿದ್ದೇವೆ" ಎಂಬುದು ಅದಕ್ಕೆ ಉತ್ತರವಾಗದು.

ಮುದ್ರಣದಿಂದ ಆಗುವ ಪ್ರಯೋಜನ ನಿಜವಾದುದೇ. ಸಮುದ್ರಪಾಚಿಯಿಂದ ದೊರೆಯುವ ಆಲ್ಜಿನೇಟ್ ಅಥವಾ ಜೆಲಾಟಿನ್‌ನಂತಹ ಅಂಟುದ್ರವ್ಯಕ್ಕೆ ಸಸ್ಯಸಾರವನ್ನು ಬೆರೆಸಿ, ಸೂಕ್ಷ್ಮ ನಳಿಕೆಯ ಮೂಲಕ ಎಳೆ ಎಳೆಯಾಗಿ ಹೊರಡಿಸಿ, ಆಲ್ಜಿನೇಟ್ ಆದಲ್ಲಿ ಕ್ಯಾಲ್ಸಿಯಂ ದ್ರಾವಣದಿಂದ ಗಟ್ಟಿಗೊಳಿಸಲಾಗುತ್ತದೆ. ಎಳೆಗಳ ನಡುವಿನ ರಂಧ್ರ, ಪಟ್ಟಿಯ ದಪ್ಪ, ಸಾರದ ಪ್ರಮಾಣ ಎಲ್ಲವನ್ನೂ ಮೊದಲೇ ನಿಗದಿಪಡಿಸಬಹುದು. ಗಾಯದ ಆಕಾರಕ್ಕೆ ತಕ್ಕಂತೆಯೂ ಪಟ್ಟಿಯನ್ನು ರೂಪಿಸಬಹುದು. ಆದರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ಅದಕ್ಕೆ ತುಂಬುವ ಸಾರ ಒಂದೇ ಸಮನಾಗಿರುವುದಿಲ್ಲ. ಗುಂಡ್ಲುಪೇಟೆ ಕಡೆಯ ಅರಿಶಿನಕ್ಕೂ ಈರೋಡಿನ ಅರಿಶಿನಕ್ಕೂ, ಒಂದೇ ಹೊಲದ ಎರಡು ವರ್ಷಗಳ ಬೆಳೆಗೂ ಕುರ್ಕುಮಿನ್ ಅಂಶದಲ್ಲಿ ವ್ಯತ್ಯಾಸವಿರಬಹುದು. ಮಣ್ಣಿನಿಂದ ಬಂದ ಗೆಡ್ಡೆ ಮತ್ತು ಬೇರುಗಳಲ್ಲಿ ಸೂಕ್ಷ್ಮಜೀವಿಗಳ ಬೀಜಾಣುಗಳು ಉಳಿದಿರುತ್ತವೆ. ಅವುಗಳನ್ನು ನಾಶಪಡಿಸಲು ಬಳಸುವ ಶಾಖ ಅಥವಾ ವಿಕಿರಣವು ಸಾರದ ಗುಣವನ್ನೂ ಕೆಡಿಸಬಹುದು. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನ ಪುಡಿಯು ದಕ್ಷಿಣ ಏಷ್ಯಾದ ಮಾರುಕಟ್ಟೆಗಳಲ್ಲಿ ಪತ್ತೆಯಾಗಿರುವುದನ್ನೂ ಮರೆಯಲಾಗದು.

ಸಸ್ಯಸಾರವನ್ನು ಅಳತೆಯಿಂದ ಲೇಪಿಸುವ ಕ್ರಮ ನಮಗೆ ಅಪರಿಚಿತವಲ್ಲ. ಭಗಂದರ ಚಿಕಿತ್ಸೆಗೆ ಬಳಸುವ ಕ್ಷಾರಸೂತ್ರದಲ್ಲಿ ದಾರಕ್ಕೆ ಕಳ್ಳಿಹಾಲು, ಉತ್ತರಾಣಿಯ ಕ್ಷಾರ ಮತ್ತು ಅರಿಶಿನವನ್ನು ಕ್ರಮವಾಗಿ ಲೇಪಿಸುತ್ತಾರೆ. ರೂಢಿಯಲ್ಲಿರುವ ವಿಧಾನದಂತೆ ಒಟ್ಟು 21 ಲೇಪಗಳು. ಲೇಪದ ಸಂಖ್ಯೆ ಮತ್ತು ಅನುಕ್ರಮ ನಿಗದಿಯಾಗಿದ್ದುದರಿಂದಲೇ ಅದನ್ನು ಆಧುನಿಕ ರೀತಿಯಲ್ಲಿ ಪರೀಕ್ಷೆಗೆ ಒಳಪಡಿಸಲು ಸಾಧ್ಯವಾಯಿತು. 1908ರಲ್ಲಿ ಸ್ಥಾಪನೆಯಾದ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ನಗರದಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಕಾನೂನಿನ ವಿಚಾರ. ಅರ್ಜಿದಾರರು ಎಡವುವ ಸಂಭವ ಹೆಚ್ಚಿರುವುದು ಇಲ್ಲಿಯೇ. ಸಸ್ಯಸಾರದ ಪಟ್ಟಿಗೆ ಎರಡು ಬಾಗಿಲುಗಳಿವೆ. ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ ಮೇರೆಗೆ ಆಯುರ್ವೇದ ಔಷಧವೆಂದು ನಮೂನೆ 24-ಡಿ ಯಲ್ಲಿ ಅರ್ಜಿ ಸಲ್ಲಿಸುವುದು ಒಂದು. ಇದಕ್ಕೆ ಅನುಸೂಚಿ 'ಟಿ' ಪ್ರಕಾರ ಕನಿಷ್ಠ 1,200 ಚದರ ಅಡಿ ಸ್ಥಳ ಹಾಗೂ ಪ್ರತಿ ಕಾರ್ಯಕ್ಕೂ ಪ್ರತ್ಯೇಕ ವಿಭಾಗ ಅಗತ್ಯ. ನಿಯಮ 158-ಬಿ ಯಂತೆ ಸಾರವನ್ನು ಯಾವ ದ್ರವದಲ್ಲಿ ತೆಗೆಯಲಾಗಿದೆ ಎಂಬುದೂ ಮುಖ್ಯ. ನೀರು ಅಥವಾ ನೀರು-ಮದ್ಯಸಾರಗಳ ಹೊರತಾದ ದ್ರಾವಕವನ್ನು ಬಳಸಿದಲ್ಲಿ ವಿಷಪರಿಣಾಮ ಪರೀಕ್ಷೆಗಳ ವರದಿ ಕೊಡಬೇಕಾಗುತ್ತದೆ.

ಎರಡನೆಯ ಬಾಗಿಲು ವೈದ್ಯಕೀಯ ಸಾಧನಗಳ ನಿಯಮಗಳು, 2017. ಗಾಯವನ್ನು ಮುಚ್ಚುವುದಷ್ಟೇ ಕೆಲಸವಾದ ಪಟ್ಟಿ 'ಎ' ವರ್ಗಕ್ಕೆ ಸೇರುತ್ತದೆ. ಚರ್ಮದ ಒಳಪದರವನ್ನೂ ದಾಟಿದ, ನಿಧಾನವಾಗಿ ಮಾಗುವ ಹುಣ್ಣಿಗೆ ಬಳಸುವಂತಹದು 'ಸಿ' ವರ್ಗಕ್ಕೆ. ಔಷಧಾಂಶ ಸೇರಿದರೆ ವರ್ಗ ಮೇಲೇರುತ್ತದೆ. 'ಎ' ಮತ್ತು 'ಬಿ' ವರ್ಗಗಳ ತಯಾರಿಕಾ ಅರ್ಜಿ ರಾಜ್ಯ ಪ್ರಾಧಿಕಾರಕ್ಕೆ ನಮೂನೆ ಎಂಡಿ-3 ರಲ್ಲಿ, 'ಸಿ' ಮತ್ತು 'ಡಿ' ವರ್ಗಗಳದ್ದು ಕೇಂದ್ರ ಪ್ರಾಧಿಕಾರಕ್ಕೆ ಎಂಡಿ-7 ರಲ್ಲಿ.

ಆಲ್ಜಿನೇಟ್‌ನ ಜಾಲದೊಳಗೆ ಅರಿಶಿನವಿರುವ ಪಟ್ಟಿ ಯಾವ ಬಾಗಿಲಿಗೆ ಸೇರಿದ್ದು? ಮಾಗಿಸುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಪಟ್ಟಿಯೋ, ಸಾರವೋ ಎಂಬುದರ ಮೇಲೆ, ಹಾಗೂ ಲೇಬಲ್‌ನಲ್ಲಿ ಏನೆಂದು ಹೇಳಿಕೊಳ್ಳಲಾಗುತ್ತದೆ ಎಂಬುದರ ಮೇಲೆ ಇದು ಅವಲಂಬಿಸಿದೆ. ಎರಡು ಕಚೇರಿಗಳ ನಡುವೆ ಅರ್ಜಿದಾರರು ಅಲೆದಾಡುವಂತಾದರೆ ಅದು ವ್ಯವಸ್ಥೆಯ ಕೊರತೆಯೇ ಹೊರತು ಅವರ ತಪ್ಪಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಹೇಳುವುದಾದರೆ, ಯಂತ್ರಕ್ಕೆ ಸಾಲ ಪಡೆಯುವ ಮುನ್ನವೇ ಉತ್ಪನ್ನದ ವರ್ಗೀಕರಣದ ಬಗ್ಗೆ ಲಿಖಿತ ಸ್ಪಷ್ಟೀಕರಣ ಪಡೆಯುವುದು ಲಾಭಕರ. ಬಡ್ಡಿಯು ಕಡತದ ಚಲನೆಯನ್ನು ಕಾಯುವುದಿಲ್ಲ.

ಬಳಕೆದಾರರ ವಿಷಯ ಇನ್ನೂ ಗಂಭೀರ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಹುಣ್ಣಾದರೆ ನೋವೇ ತಿಳಿಯದು. "ಸಸ್ಯಜನ್ಯ, ಅಡ್ಡಪರಿಣಾಮವಿಲ್ಲ" ಎಂಬ ಪಟ್ಟಿಯನ್ನು ನಂಬಿ ಕೆಲವು ವಾರಗಳನ್ನು ಕಳೆದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಇಂತಹ ಹುಣ್ಣಿಗೆ ಯಾವುದೇ ಪಟ್ಟಿಯನ್ನು ವೈದ್ಯರು ನೋಡಿದ ನಂತರವೇ ಬಳಸತಕ್ಕದ್ದು. ಖರೀದಿಸುವಾಗ ಪೊಟ್ಟಣದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಹಾಗೂ ಅವಧಿ ಮುಗಿಯುವ ದಿನಾಂಕ ಇವೆಯೇ ಎಂದು ನೋಡುವುದು. ತೆರೆದ ಗಾಯಕ್ಕೆ ಬಳಸುವುದಾದಲ್ಲಿ ಕ್ರಿಮಿರಹಿತವೆಂಬ ನಮೂದನ್ನೂ ಪರಿಶೀಲಿಸುವುದು.

ಪಟ್ಟಿ ಹಾಕಿದ ನಂತರ ತುರಿಕೆ, ಊತ, ಕೀವು ಅಥವಾ ಜ್ವರ ಕಂಡುಬಂದಲ್ಲಿ ಅದನ್ನು ತೆಗೆದು ವೈದ್ಯರನ್ನು ಕಾಣತಕ್ಕದ್ದು. ಔಷಧ ಹಾಗೂ ಸಾಧನಗಳ ಅಡ್ಡಪರಿಣಾಮವನ್ನು 1800-180-3024 ಶುಲ್ಕರಹಿತ ದೂರವಾಣಿಗೆ ತಿಳಿಸಬಹುದು. ಬ್ಯಾಚ್ ಸಂಖ್ಯೆ ಇಲ್ಲದೆ ದೂರಿನ ತನಿಖೆ ಮುಂದುವರಿಸುವುದು ಕಷ್ಟವಾದುದರಿಂದ, ಖಾಲಿ ಪೊಟ್ಟಣ ಮತ್ತು ಖರೀದಿ ರಸೀದಿಯನ್ನು ಗಾಯ ಪೂರ್ಣ ಮಾಗುವವರೆಗೆ ಇಟ್ಟುಕೊಳ್ಳಲು ಕೋರಲಾಗಿದೆ.