ಮನೆಯ ಮಾತು: ಪರದೆ ಎಷ್ಟು ಅಗಲವಿರಬೇಕು?



ಕಳೆದ ತಿಂಗಳು ಒಂದು ಭಾನುವಾರ. ಪೂಜೆ ಮುಗಿದು ಜನ ಚದುರುವ ಹೊತ್ತಿಗೆ ತಾಳವಾಡಿ ಕಡೆಯ ರೈತರೊಬ್ಬರು ಮಗನನ್ನು ಜೊತೆಗೆ ಕರೆದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಇಬ್ಬರ ಮುಖವೂ ಬಿಗಿದುಕೊಂಡಿತ್ತು. ಕುಳಿತುಕೊಳ್ಳಿ ಎಂದೆ. ಮಗ ಕುಳಿತ, ತಂದೆ ಕುಳಿತುಕೊಳ್ಳಲಿಲ್ಲ.

"ಸ್ವಾಮಿ, ನೀವೇ ಇವನಿಗೆ ಒಂದಿಷ್ಟು ಬುದ್ಧಿ ಹೇಳಿ. ಮನೇಲಿ ಕಂಪ್ಯೂಟರ್ ಇದೆ. ಈಗ ಅದಕ್ಕೆ ಇನ್ನೊಂದು ಟೀವಿ ಬೇಕಂತೆ. ನಲವತ್ತು ಸಾವಿರವಂತೆ! ಆ ದುಡ್ಡಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡಿಸಬಹುದು."

"ಅದು ಟೀವಿ ಅಲ್ಲ ಅಪ್ಪ, ಮಾನಿಟರ್. ದುಡ್ಡು ನನ್ನ ಸಂಬಳದ್ದು," ಎಂದ ಮಗ.

ಹುಡುಗ ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತಾನೆ. ಹಗಲೆಲ್ಲ ಎಕ್ಸೆಲ್ ಹಾಳೆ, ಸಂಜೆ ಒಂದೆರಡು ಗಂಟೆ ಕಂಪ್ಯೂಟರ್ ಆಟ. ಅವನಿಗೆ ಬೇಕಾದದ್ದು ಅಲ್ಟ್ರಾವೈಡ್ ಮಾನಿಟರ್, ಅಂದರೆ ಎತ್ತರಕ್ಕಿಂತ ಅಗಲವೇ ಬಹಳ ಹೆಚ್ಚಿರುವ ಪರದೆ.

ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದೆ. ಮಗ ಹೇಳಿದ: "ಮನೇಲಿ ಕೂತು ಮಾಡೋದು ಕೆಲಸ ಅಂತ ಅಪ್ಪನಿಗೆ ಅನ್ನಿಸೋದೇ ಇಲ್ಲ. ಹೀಗೇ ಆದ್ರೆ ಬೆಂಗಳೂರಿಗೇ ಹೋಗಿಬಿಡ್ತೀನಿ, ಸ್ವಾಮಿ." ತಂದೆ ಹೇಳಿದರು: "ರಾತ್ರಿ ಹನ್ನೊಂದಾದ್ರೂ ಅವನ ರೂಮಲ್ಲಿ ಬೆಳಕು ಇರ್ತದೆ. ಕೆಲಸ ಮಾಡ್ತಾನೋ, ಆಟ ಆಡ್ತಾನೋ ನಂಗೆ ಹೆಂಗೆ ಗೊತ್ತಾಗ್ಬೇಕು?" ಜಗಳ ಪರದೆಯದ್ದಲ್ಲ ಎಂಬುದು ನನಗೆ ಅರ್ಥವಾಯಿತು. ಆದರೂ ಪರದೆಯ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳದೆ ಉಳಿದದ್ದನ್ನು ಬಿಡಿಸಲಾಗದು. ಇಂಥದೇ ಮಾತು ಇಂದು ನಿಮ್ಮ ಮನೆಯಲ್ಲೂ ನಡೆಯುತ್ತಿರಬಹುದು. ಆದ್ದರಿಂದ ನಾವು ಮೂವರೂ ಕುಳಿತು ನೋಡಿದ ಲೆಕ್ಕವನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಅಗಲದ ಕಥೆ ಕೇಳಿ. ಅಗಲ ಪರದೆ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ, ಸಿನಿಮಾದಿಂದ ಬಂದದ್ದು. ಟೀವಿ ಬಂದ ಮೇಲೆ ಚಿತ್ರಮಂದಿರ ಖಾಲಿಯಾಗತೊಡಗಿದಾಗ ಅಮೆರಿಕದ ಚಿತ್ರೋದ್ಯಮ ಸಿನಿಮಾಸ್ಕೋಪ್ ತಂದಿತು. ಅದರ ಮಸೂರದ ಹಿಂದೆ ಇದ್ದವರು ಫ್ರಾನ್ಸಿನ ಖಗೋಳ ವಿಜ್ಞಾನಿ ಆನ್ರಿ ಕ್ರೆತಿಯಾಂ. ಹಾಗೆ ತೆರೆಗೆ ಬಂದ ಮೊದಲ ಚಿತ್ರ 1953ರ 'ದಿ ರೋಬ್'. ಯೇಸುವನ್ನು ಶಿಲುಬೆಗೇರಿಸಿದಾಗ ಅವರ ಅಂಗಿ ಒಬ್ಬ ರೋಮನ್ ಅಧಿಕಾರಿಯ ಕೈಸೇರುವ ಕಥೆ ಅದು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ 'ಸೊಸೆ ತಂದ ಸೌಭಾಗ್ಯ'. ಡಾ. ರಾಜಕುಮಾರ್ ಅವರ ಗಾಜನೂರು ಪಕ್ಕದಲ್ಲೇ ಇರುವ ನಮಗೆ ಸಿನಿಮಾಸ್ಕೋಪ್ ಪರದೆ ಹೊಸದೇನಲ್ಲ. ಫಿಲಿಪ್ಸ್ ಕಂಪನಿ 2009ರಲ್ಲಿ ಅದೇ ಆಕಾರದ ಟೀವಿ ತಂದಿತು, 2012ರಲ್ಲಿ ಎಲ್‌ಜಿ 29 ಇಂಚಿನ ಮಾನಿಟರ್ ತಂದಿತು. ಅಲ್ಲಿಂದ ಮುಂದೆ ಅದು ಕೆಲಸದ ಮೇಜಿಗೆ ಬಂದು ಕುಳಿತಿತು.

ಸಾಮಾನ್ಯ ಮಾನಿಟರಿನ ಅಗಲ-ಎತ್ತರದ ಪ್ರಮಾಣ 16:9. ಅಲ್ಟ್ರಾವೈಡಿನದು ಸುಮಾರು 21:9. ಇಲ್ಲೇ ಮೊದಲ ಮೋಸ ಹೋಗುವುದು. ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. 34 ಇಂಚು ಎಂದರೆ 27 ಇಂಚಿನ ಮಾನಿಟರಿಗಿಂತ ಎಲ್ಲ ಕಡೆಗೂ ದೊಡ್ಡದು ಎಂದುಕೊಳ್ಳಬೇಡಿ. ಎರಡರ ಎತ್ತರವೂ ಹೆಚ್ಚುಕಡಿಮೆ ಒಂದೇ, ಸುಮಾರು 34 ಸೆಂಟಿಮೀಟರ್. ಅಗಲ ಮಾತ್ರ 60ರಿಂದ 80 ಸೆಂಟಿಮೀಟರಿಗೆ ಹೋಗುತ್ತದೆ. ಹಾಗೆಯೇ 29 ಇಂಚಿನ ಅಲ್ಟ್ರಾವೈಡ್ ಎತ್ತರದಲ್ಲಿ 23 ಇಂಚಿನ ಸಾಮಾನ್ಯ ಮಾನಿಟರಿನಷ್ಟೇ. ಈಗ ಮನೆಯಲ್ಲಿ 24 ಇಂಚಿನದಿದ್ದು 29ಕ್ಕೆ ಹೋದರೆ ಎತ್ತರ ಕಡಿಮೆಯೇ ಆಗುತ್ತದೆ.

ಎರಡನೆಯದು ಚುಕ್ಕಿಗಳ ಲೆಕ್ಕ. ಈ ವಿಷಯದಲ್ಲಿ ನಾನು ಕೈಸುಟ್ಟುಕೊಂಡವನು. ಕೆಲವು ವರ್ಷಗಳ ಹಿಂದೆ ಕಡಿಮೆ ಬೆಲೆಗೆ ಸಿಗುತ್ತದೆಂದು 34 ಇಂಚಿನ ಹಳೆಯ ಪರದೆಯೊಂದನ್ನು ತಂದೆ. ಅದರಲ್ಲಿದ್ದದ್ದು 2560×1080 ಚುಕ್ಕಿಗಳು. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದಿತ್ತು. ಆದರೆ ಕನ್ನಡದಲ್ಲಿ ಬರೆಯಲು ಕುಳಿತಾಗ ಒತ್ತಕ್ಷರಗಳೆಲ್ಲ ಮಸಿ ಚೆಲ್ಲಿದಂತೆ ಕಂಡವು. 'ಸ್ತ್ರ' ಯಾವುದು, 'ಸ್ಕ್ರ' ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. ಕಾರಣ ಸರಳ. ಅಷ್ಟು ದೊಡ್ಡ ಪರದೆಯಲ್ಲಿ ಅಷ್ಟೇ ಚುಕ್ಕಿಗಳನ್ನು ಹರಡಿದರೆ ಇಂಚಿಗೆ 82 ಚುಕ್ಕಿ ಬೀಳುತ್ತದೆ. ಅದೇ 34 ಇಂಚಿನಲ್ಲಿ 3440×1440 ಇದ್ದರೆ ಇಂಚಿಗೆ ಸುಮಾರು 110. ಕನ್ನಡ, ತಮಿಳು, ಅಂಕಿಅಂಶ ಓದುವ ಕೆಲಸವಿದ್ದವರು ಇದನ್ನು ಬಿಟ್ಟುಕೊಡಬಾರದು. 2560×1080 ಸಾಕೆನ್ನುವವರಿಗೆ 29 ಇಂಚೇ ಸರಿ. ಅಲ್ಲಿ ಇಂಚಿಗೆ 96 ಚುಕ್ಕಿ ಸಿಗುತ್ತದೆ.

"ಹಾಗಾದ್ರೆ ಚುಕ್ಕಿ ಹೆಚ್ಚಿದ್ದಷ್ಟೂ ಒಳ್ಳೇದಲ್ವಾ?" ಎಂದು ತಂದೆ ಕೇಳಿದರು. ಕೆಲಸಕ್ಕೆ ಹೌದು, ಆಟಕ್ಕೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಆಟದಲ್ಲಿ ಪ್ರತಿಯೊಂದು ಚುಕ್ಕಿಯನ್ನೂ ಕಂಪ್ಯೂಟರ್ ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬಿಡಿಸಬೇಕು. ಸಾಮಾನ್ಯ 1920×1080 ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿದ್ದರೆ 3440×1440ರಲ್ಲಿ ಸುಮಾರು 50 ಲಕ್ಷ. ಎತ್ತು ಅದೇ, ಗಾಡಿಯ ಮೇಲಿನ ಹೊರೆ ಎರಡೂವರೆ ಪಟ್ಟು! ಗ್ರಾಫಿಕ್ಸ್ ಕಾರ್ಡ್ ಸಣ್ಣದಿದ್ದರೆ ಆಟ ತಡವರಿಸುತ್ತದೆ. ಇದಕ್ಕೊಂದು ಉಪಾಯವಿದೆ. ಕೆಲಸ ಮಾಡುವಾಗ ಪೂರ್ತಿ 3440×1440 ಇಟ್ಟುಕೊಂಡು ಆಟದೊಳಗೆ ಮಾತ್ರ 2560×1080 ಆರಿಸಬಹುದು. ಆಕಾರ ಹೆಚ್ಚುಕಡಿಮೆ ಅದೇ, ಹೊರೆ ಅರ್ಧಕ್ಕೆ ಹತ್ತಿರ ಇಳಿಯುತ್ತದೆ.

ಯಾವ ಆಟ ಎಂಬುದನ್ನೂ ಕೇಳಿಕೊಳ್ಳಬೇಕು. ಎಲ್ಲ ಆಟವೂ ಅಗಲ ಪರದೆಗೆ ಒಗ್ಗುವುದಿಲ್ಲ. 2022ರಲ್ಲಿ ಬಂದ ಎಲ್ಡನ್ ರಿಂಗ್ ಎಂಬ ಹೆಸರುವಾಸಿ ಆಟ ಬಿಡುಗಡೆಯಾದಾಗ ಅಗಲ ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ನಡುವೆ ಮಾತ್ರ ಕಾಣಿಸಿತು. ಯೂಟ್ಯೂಬಿನ ಹೆಚ್ಚಿನ ವಿಡಿಯೋಗಳೂ ಹಾಗೆಯೇ. ನಮ್ಮ ಹುಡುಗನಿಗೆ ಇಷ್ಟವಾದದ್ದು ಲಾರಿ ಓಡಿಸುವ ಯೂರೋ ಟ್ರಕ್ ಸಿಮ್ಯುಲೇಟರ್. ಇಂಥ ಆಟಕ್ಕೆ ಅಗಲ ಪರದೆ ಹೇಳಿ ಮಾಡಿಸಿದ್ದು, ಎರಡು ಬದಿಯ ಕನ್ನಡಿಯೂ ಕಿಟಕಿಯೂ ಒಟ್ಟಿಗೆ ಕಾಣುತ್ತವೆ.

ಮೂರನೆಯದು ಪರದೆಯ ಜಾತಿ. ಐಪಿಎಸ್ ಪರದೆಯನ್ನು ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಓದು-ಬರಹದ ಕೆಲಸಕ್ಕೆ ಒಳ್ಳೆಯದು. ವಿಎ ಪರದೆಯಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಅಗ್ಗದ ವಿಎ ಪರದೆಯ ಕತ್ತಲ ದೃಶ್ಯಗಳಲ್ಲಿ ಓಡುವ ವಸ್ತುಗಳ ಹಿಂದೆ ನೆರಳು ಎಳೆದಂತೆ ಕಾಣುವುದುಂಟು. ಓಎಲ್‌ಇಡಿ ನೋಡಲು ಬಲು ಚೆಂದ. ಆದರೆ ದಿನಕ್ಕೆ ಎಂಟು ಗಂಟೆ ಒಂದೇ ಎಕ್ಸೆಲ್ ಗೆರೆಗಳನ್ನು ಇಟ್ಟರೆ ಕಾಲಕ್ರಮದಲ್ಲಿ ಆ ಗೆರೆಗಳ ಕಲೆ ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ.

ಬಾಗಿದ ಪರದೆ ಬೇಕೇ ಎಂದೂ ಕೇಳುತ್ತಾರೆ. 1500ಆರ್ ಎಂದು ಬರೆದಿದ್ದರೆ 1500 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಂಡಿನಂತೆ ಬಾಗಿದೆ ಎಂದರ್ಥ. ಸಂಖ್ಯೆ ಕಡಿಮೆಯಾದಷ್ಟೂ ಬಾಗು ಹೆಚ್ಚು. 34 ಇಂಚಿಗೆ ಸ್ವಲ್ಪ ಬಾಗು ಹಿತ, ಅಂಚುಗಳು ಕಣ್ಣಿಗೆ ಹತ್ತಿರವಾಗುತ್ತವೆ. ನಕ್ಷೆ ಬಿಡಿಸುವವರಿಗೆ ಮಾತ್ರ ನೇರ ಗೆರೆ ಬಾಗಿದಂತೆ ಅನಿಸಬಹುದು.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ತಂತಿ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. 144 ಹರ್ಟ್ಸ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಲ್ಯಾಪ್‌ಟಾಪಿನಲ್ಲಿರುವುದು ಎಚ್‌ಡಿಎಂಐ 2.0 ಆದರೆ 3440×1440ರಲ್ಲಿ ಸುಮಾರು 100ಕ್ಕೆ ನಿಲ್ಲುತ್ತದೆ. ಇನ್ನೂ ಹಳೆಯ 1.4 ಆದರೆ 60 ಮುಟ್ಟುವುದೂ ಕಷ್ಟ. ಪೂರ್ತಿ ವೇಗ ಬೇಕಾದರೆ ಡಿಸ್‌ಪ್ಲೇಪೋರ್ಟ್ 1.4 ಬೇಕು. ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ತೂತು ನೋಡಿ, ಆಮೇಲೆ ಮಾನಿಟರಿನ ವೇಗ ನೋಡಿ. ಕೆಲಸಕ್ಕೂ ಸಂಜೆಯ ಲಾರಿ ಆಟಕ್ಕೂ 100 ಹರ್ಟ್ಸ್ ಧಾರಾಳವಾಯಿತು.

ಒಂದು ಅಗಲ ಪರದೆಯ ಬದಲು 24 ಇಂಚಿನ ಎರಡು ಸಾಮಾನ್ಯ ಮಾನಿಟರ್ ಇಟ್ಟುಕೊಳ್ಳಬಾರದೇ? ಖಂಡಿತ ಇಡಬಹುದು. ಹೆಚ್ಚಾಗಿ ಅಗ್ಗವೂ ಹೌದು, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಆದರೆ ನಡುವೆ ಅಂಚಿನ ಗೋಡೆ ಬರುತ್ತದೆ, ಆಟ ಆಡಲು ಒಂದರಲ್ಲೇ ಆಡಬೇಕು, ಮೇಜು ಒಂದು ಮೀಟರಿಗಿಂತ ಅಗಲವಿರಬೇಕು. ಕೆಲಸಕ್ಕೆ ಮಾತ್ರವಾದರೆ ಎರಡು ಪರದೆ ಸಾಕು. ಕೆಲಸ ಆಟ ಎರಡೂ ಒಂದೇ ಮೇಜಿನಲ್ಲಿ ಎನ್ನುವವರಿಗೆ ಅಗಲ ಪರದೆ ಅನುಕೂಲ. ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯ ಜೊತೆ ಝಡ್ ಒತ್ತಿದರೆ ಪರದೆಯನ್ನು ಮೂರು ಭಾಗ ಮಾಡಿಕೊಳ್ಳಬಹುದು. ಮೀಟಿಂಗಿನಲ್ಲಿ ಮಾತ್ರ ಇಡೀ ಪರದೆ ತೋರಿಸಬೇಡಿ, ಎದುರಿನವರಿಗೆ ಅದು ಸಣ್ಣ ಪಟ್ಟಿಯಾಗಿ ಕಾಣುತ್ತದೆ. ಬೇಕಾದ ಕಿಟಕಿಯನ್ನಷ್ಟೇ ತೋರಿಸಿ.

ಇನ್ನು ದುಡ್ಡಿನ ಮಾತು. 32 ಇಂಚಿಗಿಂತ ದೊಡ್ಡ ಮಾನಿಟರಿಗೆ ಮೊದಲು ಜಿಎಸ್‌ಟಿ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ನೋಡಿ ಕೊಡಬೇಡಿ. ನಮ್ಮ ಬೆಟ್ಟದ ಮನೆಗಳಿಗೆ ಇನ್ನೊಂದು ಖರ್ಚೂ ಇದೆ. ಮಳೆಗಾಳಿ ಎದ್ದರೆ ಇಲ್ಲಿ ಕರೆಂಟು ಹೋಗಿ ಬಂದು ಆಡುತ್ತದೆ. ಆದ್ದರಿಂದ ಮೊದಲು ಯುಪಿಎಸ್, ಆಮೇಲೆ ಪರದೆ. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಸುಮಾರು 360 ವಾಟ್ ಹೊರಬಲ್ಲದು, ಅದೂ ಕೆಲವೇ ನಿಮಿಷ. ಮಾನಿಟರಿನ ಮತ್ತು ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ಬರೆದಿರುವ ವಾಟ್ ಕೂಡಿಸಿ ನೋಡಿ. ಪೆಟ್ಟಿಗೆ ಬಂದ ದಿನ ತೆರೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಘಾಟಿ ಹತ್ತಿ ಬಂದ ಗಾಜಿನ ಸಾಮಾನು ಒಡೆದಿದ್ದರೆ ಅದೇ ಸಾಕ್ಷಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಮೇಜು ಇದ್ದಷ್ಟು ಪರದೆ ಎಂದು ನಾನು ಸೇರಿಸಿದೆ. ತಂದೆ ಮಗ ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಹಳೆಯ ರಟ್ಟಿನ ಪೆಟ್ಟಿಗೆಯಿಂದ 80 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರದ ತುಂಡು ಕತ್ತರಿಸಿ. ಮೇಜಿನ ಮೇಲೆ ನಿಲ್ಲಿಸಿ ಎರಡು ದಿನ ಅದರ ಮುಂದೆ ಕುಳಿತು ನೋಡಿ. ಕಣ್ಣಿಗೂ ರಟ್ಟಿಗೂ ಕನಿಷ್ಠ ಒಂದು ಕೈ ಅಂತರ ಸಿಗಬೇಕು. ಮಗ ದಿನವಿಡೀ ಏನು ಮಾಡುತ್ತಾನೆ ಎಂಬುದನ್ನು ತಂದೆಯೂ ಒಂದು ಗಂಟೆ ಪಕ್ಕದಲ್ಲಿ ಕುಳಿತು ನೋಡಬೇಕು. ಇದು ನನ್ನ ಷರತ್ತು.

ಮುಂದಿನ ಭಾನುವಾರ ಇಬ್ಬರೂ ಬಂದರು. ಈ ಸಲ ತಂದೆಯೇ ಮೊದಲು ಕುಳಿತರು. "ನೋಡ್ದೆ ಸ್ವಾಮಿ. ಅವನ ಹಾಳೆ ನಮ್ಮ ಹೊಲದ ಪಟ್ಟಿಗಿಂತ ಉದ್ದ ಇದೆ. ಆಚೆಗೆ ಈಚೆಗೆ ಎಳೆದೆಳೆದು ನೋಡ್ತಾನೆ ಪಾಪ. ಒಂದು ಗಂಟೆಗೇ ನಂಗೆ ತಲೆ ಸುತ್ತು ಬಂತು." ಮಗ ತಲೆ ತಗ್ಗಿಸಿ ನಕ್ಕ. ಅವನೂ ಒಂದು ಹೆಜ್ಜೆ ಹಿಂದೆ ಬಂದಿದ್ದ. ಬಾಗಿದ, 165 ಹರ್ಟ್ಸ್‌ನ ದುಬಾರಿ ಮಾದರಿ ಬಿಟ್ಟು, 3440×1440ರ 100 ಹರ್ಟ್ಸ್ ಐಪಿಎಸ್ ಪರದೆ ಆರಿಸಿದ್ದ. ಉಳಿದ ದುಡ್ಡಲ್ಲಿ ಯುಪಿಎಸ್. ಮೋಟಾರು ರಿಪೇರಿಗೆ ಮುಂದಿನ ಎರಡು ತಿಂಗಳ ಸಂಬಳದಲ್ಲಿ ಅರ್ಧ ಕೊಡುವುದಾಗಿ ತಾನಾಗಿಯೇ ಹೇಳಿದ. ರಾತ್ರಿ ಹತ್ತಕ್ಕೆ ಪರದೆ ಆರಿಸಬೇಕೆಂಬುದು ತಾಯಿ ಹಾಕಿದ ನಿಯಮವಂತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು, ಇಪ್ಪತ್ತು ಅಡಿಯಾಚೆ ನೋಡಬೇಕೆಂಬುದು ಕಣ್ಣಿನ ವೈದ್ಯರು ಹೇಳುವ ಮಾತು. ನಮ್ಮ ಕಿಟಕಿಯಾಚೆ ಬೆಟ್ಟವೇ ಇರುವಾಗ ಅದಕ್ಕೇನು ಬರ?

ಮೊನ್ನೆ ಆ ಮನೆಗೆ ಹೋಗಿದ್ದೆ. ಸಂಜೆಯಾಗಿತ್ತು. ಮಗ ಪರದೆಯಲ್ಲಿ ಯೂರೋಪಿನ ಯಾವುದೋ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದ. ತಂದೆ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು. ದಿಂಬಂ ಘಾಟಿಯ 27 ತಿರುವುಗಳಲ್ಲಿ ಎಲೆಕೋಸಿನ ಲೋಡಿನ ಜೊತೆ ಎಷ್ಟೋ ಸಲ ಇಳಿದವರು ಅವರು.

"ಎಡಗಡೆ ಕನ್ನಡಿ ನೋಡೋ, ಎಡಗಡೆ!" ಎಂದು ಕೂಗಿದರು. ಆಮೇಲೆ ನನ್ನನ್ನು ಕಂಡು ಸ್ವಲ್ಪ ನಾಚಿಕೊಂಡು, "ಏನಿಲ್ಲ ಸ್ವಾಮಿ, ಹುಡುಗನಿಗೆ ಇನ್ನೂ ತಿರುವು ಹಿಡಿಯೋದು ಬರಲ್ಲ," ಎಂದರು.

ಬೆಂಗಳೂರಿನ ಮಾತು ಆ ದಿನ ಯಾರೂ ಎತ್ತಲಿಲ್ಲ.