ಮೊಣಕೈಗೆ ಹಾಕಿಸಿಕೊಂಡ ಸೂಜಿ

ನಂಜನಗೂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಹೋದ ವರ್ಷ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ಹದಿನೈದು ದಿನ ಇದೆ ಅನ್ನುವಾಗ ಬಲ ಮೊಣಕೈಯ ಹೊರಮಗ್ಗುಲಲ್ಲಿ ನೋವು ಶುರುವಾಯಿತು. ಕತ್ತರಿ ಇರಲಿ, ಟೀ ಲೋಟ ಎತ್ತಲೂ ಆಗದು. ಅಂಗಡಿಯಲ್ಲಿ ಬಟ್ಟೆ ಗುಡ್ಡೆ ಬಿದ್ದಿತ್ತು. ಮೈಸೂರಿಗೆ ಹೋಗಿ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ನಾಲ್ಕನೇ ದಿನಕ್ಕೆ ಕೈ ಹೂವಿನಂತಾಯಿತು. ತೇರಿನ ಹೊತ್ತಿಗೆ ಆರ್ಡರೆಲ್ಲ ಮುಗಿಸಿದೆ. ಆಷಾಢದಲ್ಲಿ ನೋವು ಮರಳಿತು, ಮೊದಲಿಗಿಂತ ಜೋರಾಗಿ.

ಇದು ಬರೀ ಊತವಲ್ಲ ಎಂದು ಆಮೇಲೆ ಹೇಳಿದವರು ಒಬ್ಬ ಫಿಸಿಯೋಥೆರಪಿಸ್ಟ್. ಮಣಿಕಟ್ಟನ್ನು ಎತ್ತುವ ಸ್ನಾಯು ಮೊಣಕೈ ಮೂಳೆಗೆ ಅಂಟುವ ಕಡೆ ಅದರ ರಜ್ಜು ಎಳೆ ಬಿಟ್ಟಿರುತ್ತದಂತೆ, ಮಂಡಿಯಲ್ಲಿ ಸವೆದ ಪ್ಯಾಂಟಿನ ಹಾಗೆ. ಇಂಜೆಕ್ಷನ್ ನೋವು ಅಡಗಿಸುತ್ತದೆ, ರಫು ಮಾಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ನೋವಿದ್ದ 198 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಗಿದೆ. ಆರು ವಾರಕ್ಕೆ ಇಂಜೆಕ್ಷನ್ನಿನವರೇ ಮುಂದು. ವರ್ಷದ ಕೊನೆಗೆ, ಏನೂ ಮಾಡದೆ ಕಾದವರಿಗಿಂತಲೂ ಹಿಂದು. ಇಂಜೆಕ್ಷನ್ನಿನಿಂದ ಗುಣವಾಯಿತು ಅಂದುಕೊಂಡಿದ್ದವರಲ್ಲಿ ಶೇ 72 ಮಂದಿಗೆ ನೋವು ಮರುಕಳಿಸಿತ್ತು.

ಈಗ ನನ್ನ ಕಟಿಂಗ್ ಟೇಬಲ್ ಮೇಲೆ ವ್ಯಾಯಾಮಕ್ಕೆಂದು ಅರ್ಧ ಲೀಟರ್ ನೀರಿನ ಬಾಟಲಿ ಇದೆ. ಅದನ್ನು ಬಲಗೈಯಲ್ಲಿ ಹಿಡಿದು, ಮುಂಗೈಯನ್ನು ಟೇಬಲ್ ಮೇಲಿಟ್ಟು, ಅಂಗೈ ಕೆಳಮುಖ ಮಾಡಿ, ಎಡಗೈ ಆಸರೆಯಲ್ಲಿ ಮಣಿಕಟ್ಟು ಎತ್ತಿ, ಬಲಗೈಯೊಂದರಲ್ಲೇ ನಿಧಾನವಾಗಿ ಇಳಿಸುವುದು. ಗಿರಾಕಿಗಳು ನಗುತ್ತಾರೆ. ಮೂರು ತಿಂಗಳು ಹಿಡಿಯಿತು, ಆದರೆ ಕತ್ತರಿ ಮತ್ತೆ ಕೈಗೆ ಬಂದಿದೆ.

2004ರಲ್ಲಿ ಕ್ರಿಕೆಟಿಗ ಸಚಿನ್‌ಗೆ ಇದೇ ನೋವು ಬಂದಾಗ ದೇಶಕ್ಕೆಲ್ಲ ಅದರ ‘ಟೆನಿಸ್ ಎಲ್ಬೋ’ ಹೆಸರು ಬಾಯಿಪಾಠವಾಯಿತು. ತಿ. ನರಸೀಪುರದ ಕಡೆ ಕಬ್ಬು ಕಡಿಯುವ ನನ್ನ ತಂಗಿಯದೂ ಅದೇ ನೋವು. ಅವಳ ಕೂಲಿ ಟನ್ ಲೆಕ್ಕ. “ನಾಳೆ ಬೆಳಿಗ್ಗೆ ಮಚ್ಚು ಹಿಡೀಬೇಕು ಕಣಣ್ಣ, ನಿನ್ ಬಾಟ್ಲಿ ಯಾವತ್ತು ಕೆಲ್ಸ ಮಾಡುತ್ತೆ?” ಅಂದಳು. ಇಂಜೆಕ್ಷನ್ ಗೆಲ್ಲುವುದೇ ಇಲ್ಲಿ. ಅವಳನ್ನು ತಪ್ಪು ಅನ್ನಲಾರೆ. ಜಾತ್ರೆಗೆ ಮುಂಚೆ ನಾನೂ ಹಾಗೇ ಮಾಡಿದವನು.

ಚುಚ್ಚುವ ಮುನ್ನ ವೈದ್ಯರು ಆರು ವಾರದ ಮಾತಿನ ಜೊತೆ ವರ್ಷದ ಮಾತನ್ನೂ ಹೇಳಲಿ. ಕಬ್ಬು ಕಟಾವಿನ ತಿಂಗಳುಗಳಲ್ಲಾದರೂ ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬರು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ, ಸಂಜೆ ಹೊತ್ತಿಗೆ, ಬರಲಿ. ಪೇಟೆಗೆ ಹೋಗಿಬಂದರೆ ತಂಗಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸದ್ಯಕ್ಕೆ ಬಾಟಲಿ ಹಿಡಿಯುವುದನ್ನು ರಾತ್ರಿ ಫೋನಿನಲ್ಲಿ ನಾನೇ ತೋರಿಸುತ್ತಿದ್ದೇನೆ.